ತಂಗಳು, ಹೆಪ್ಪು, ಗಿಣ್ಣು: ಮನೆಯಲ್ಲಿ ಪಕ್ವಾನ್ನ ಹಾಗೂ ಕ್ಷೀರಪದಾರ್ಥಗಳ ಹಿಮರಕ್ಷಣೆ

ಕನ್ನಡನಾಡಿನ ಹಲವು ಮನೆಗಳಲ್ಲಿ ಫ್ರಿಜ್ಜಿಗೆ ‘ತಂಗಳು ಪೆಟ್ಟಿಗೆ’ ಎಂಬ ಅಡ್ಡಹೆಸರುಂಟು. ಹಾಸ್ಯಕ್ಕಾಗಿ ಹುಟ್ಟಿದ ಈ ಹೆಸರಿನಲ್ಲಿ ಸ್ವಲ್ಪ ಕುಹಕವೂ ಇದೆ. ಅಂದಿನ ಅಡಿಗೆಯನ್ನು ಅಂದೇ ಉಣ್ಣದೆ ನಾಳೆಗೂ ನಾಡಿದ್ದಿಗೂ ಕೂಡಿಡುವ ಈ ಕಾಲದ ಗೃಹಸ್ಥನನ್ನು ಅದು ಮೆಲ್ಲನೆ ಚುಚ್ಚುತ್ತದೆ. ಆದರೆ ಶಬ್ದದ ಮೂಲವನ್ನು ವಿಚಾರಿಸಿದರೆ ಹಾಸ್ಯಗಾರನು ತನಗೆ ತಿಳಿಯದೆಯೇ ಸತ್ಯವನ್ನು ನುಡಿದಿದ್ದಾನೆಂದು ಗೊತ್ತಾಗುತ್ತದೆ. ‘ತಣ್’ ಎಂದರೆ ತಂಪು. ‘ಕೂೞ್’ ಎಂದರೆ ಅನ್ನ. ತಣ್ಣೀರು, ತಂಗಾಳಿ ಎಂಬಲ್ಲಿ ಕಾಣುವ ಅದೇ ‘ತಣ್’ ಶಬ್ದವು ಕೂೞಿನೊಡನೆ ಸಮಾಸವಾಗಿ, ಕಕಾರಕ್ಕೆ ಗಕಾರವು ಆದೇಶವಾಗಿ ಬಂದು, ‘ತಂಗೂೞ್’ ಎಂದಾಯಿತು. ಅದೇ ಕಾಲಕ್ರಮದಲ್ಲಿ ‘ತಂಗಳು’ ಎಂದು ಸವೆಯಿತು. ತಂಗಳು ಎಂದರೆ ಮೂಲದಲ್ಲಿ ಕೆಟ್ಟ ಅನ್ನವಲ್ಲ, ತಣಿದ ಅನ್ನ. ಕೂಳು ಎಂಬ ಮರ್ಯಾದೆಯ ಮಾತು ಇಂದು ಬೈಗುಳಾಗಿರುವಂತೆ, ತಂಗಳು ಎಂಬ ಮಾತೂ ಮಾನ ಕಳೆದುಕೊಂಡಿದೆ.

ಈ ಮಾನಹಾನಿಗೆ ಕಾರಣ ತಂಪಲ್ಲ, ಕಾಲ. ಬಿಸಿ ಆರಿದ ಅನ್ನವು ಒಲೆಯ ಪಕ್ಕದಲ್ಲಿ ಹತ್ತು ಹನ್ನೆರಡು ಗಂಟೆ ಕುಳಿತರೆ ಹಳಸುತ್ತದೆ. ಅದೇ ಅನ್ನವು ಸಕಾಲದಲ್ಲಿ ಸರಿಯಾದ ಶೈತ್ಯವನ್ನು ಪಡೆದರೆ ಹಳಸುವುದಿಲ್ಲ. ಭಗವದ್ಗೀತೆಯ 17ನೆಯ ಅಧ್ಯಾಯವು ‘ಪರ್ಯುಷಿತ’ವನ್ನು, ಅಂದರೆ ರಾತ್ರಿ ಕಳೆದ ಅನ್ನವನ್ನು, ತಾಮಸಾಹಾರದಲ್ಲಿ ಎಣಿಸಿದೆ. ಇತ್ತ ನಮ್ಮ ಒಕ್ಕಲುಮಕ್ಕಳು ತಂಗಳನ್ನಕ್ಕೆ ಮಜ್ಜಿಗೆ ಬೆರಸಿ ಉಂಡು ಹೊಲಕ್ಕೆ ಹೋಗುತ್ತಿದ್ದರು. ಶಾಸ್ತ್ರದ ಎಚ್ಚರಿಕೆಯೂ ಬಡವನ ಮಿತವ್ಯಯವೂ ಎರಡೂ ನಿಜವೇ ಆಗಿವೆ. ಈ ಎರಡಕ್ಕೂ ಹೊಂದಿಕೆ ಹೇಗೆಂಬುದೇ ಪ್ರಸ್ತುತ ಲೇಖನದ ವಿಷಯ.

ಹೆಪ್ಪು ಎಂಬ ಒಂದು ಮಾತು, ಎರಡು ಕ್ರಿಯೆ

ನೀರು ಹಿಮವಾಗುವುದನ್ನು ಕನ್ನಡಿಗರು ‘ಹೆಪ್ಪುಗಟ್ಟುವುದು’ ಎನ್ನುತ್ತಾರೆ. ಹೆಪ್ಪು ಎಂಬುದು ಮೊದಲಿಗೆ ಹಾಲಿನ ಮಡಕೆಗೆ ಸೇರಿದ ಮಾತು. ಕಾಸಿ ಆರಿಸಿದ ಹಾಲಿಗೆ ಸ್ವಲ್ಪ ಮೊಸರನ್ನು ಬೆರಸುವುದು ಹೆಪ್ಪು ಹಾಕುವುದು. ಅಲ್ಲಿಂದ ಈ ಮಾತು ತುಪ್ಪಕ್ಕೂ ರಕ್ತಕ್ಕೂ ಕೊನೆಗೆ ಹಿಮಕ್ಕೂ ವಿಸ್ತರಿಸಿತು. ಹಿಮವನ್ನು ಕಾಣದ ಬಯಲುನಾಡಿನ ಜನರು, ದ್ರವವು ಘನವಾಗುವ ಸೋಜಿಗವನ್ನು ತಮ್ಮ ಮನೆಯ ಮೊಸರಿನ ಗಡಿಗೆಯಲ್ಲಿ ಕಂಡು ಹೆಸರಿಟ್ಟುದು ಸಹಜವೇ ಆಗಿದೆ.

ಆದರೆ ಹೆಸರು ಒಂದಾದರೂ ಕ್ರಿಯೆಗಳು ಪರಸ್ಪರ ವಿರುದ್ಧವಾದವು. ಮೊಸರು ಹೆಪ್ಪುಗಟ್ಟುವುದು ಉಗುರುಬೆಚ್ಚಗಿನ ಶಾಖದಿಂದ ಮತ್ತು ಜೀವಾಣುಗಳ ಚಟುವಟಿಕೆಯಿಂದ. ನೀರು ಹೆಪ್ಪುಗಟ್ಟುವುದು ಶೈತ್ಯದಿಂದ. ಅಲ್ಲಿ ಜೀವಾಣುಗಳ ಚಟುವಟಿಕೆ ನಿಂತುಹೋಗುತ್ತದೆ. ಒಂದು ಜೀವದ ಕೆಲಸ, ಇನ್ನೊಂದು ಜೀವದ ವಿರಾಮ. ಅಡಿಗೆಮನೆಯ ಅನೇಕ ತಪ್ಪುಗಳು ಈ ಭೇದವನ್ನು ಅರಿಯದಿರುವುದರಿಂದಲೇ ಆಗುತ್ತವೆ.

ಶೈತ್ಯವು ನಡೆದು ಬಂದ ದಾರಿ

ಅಡಿಗೆಯು ಶಾಸ್ತ್ರವೆಂಬ ಭಾವನೆ ಕನ್ನಡಕ್ಕೆ ಹೊಸದಲ್ಲ. 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಮಳೆ, ಬೆಳೆ, ವೈದ್ಯಗಳ ಜೊತೆಗೆ ಪಾಕವಿಚಾರಕ್ಕೂ ಸ್ಥಾನ ಕೊಟ್ಟನು. 16ನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಪದ್ಯರೂಪದಲ್ಲಿ ರಚಿಸಿದನು. ಉಪ್ಪು, ಹುಳಿ, ಎಣ್ಣೆ, ಬಿಸಿಲು ಇವು ನಾಲ್ಕು ನಮ್ಮ ಹಿರಿಯರಿಗೆ ತಿಳಿದಿದ್ದ ಆಹಾರರಕ್ಷಕರು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಇವೆಲ್ಲ ಅವರ ಕಾಣಿಕೆ. ಐದನೆಯದಾದ ಶೈತ್ಯವು ಮಾತ್ರ ಬಿಸಿಲುನಾಡಿನವರಿಗೆ ದಕ್ಕಿರಲಿಲ್ಲ.

1833ರಲ್ಲಿ ಅಮೆರಿಕದ ಬೋಸ್ಟನ್ ನಗರದಿಂದ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನ ಹಡಗು ಕೆರೆಯ ಹಿಮವನ್ನು ಹೊಟ್ಟಿನಲ್ಲಿ ಮುಚ್ಚಿಕೊಂಡು ಕಲ್ಕತ್ತೆಗೆ ಬಂದಿತು. ಅಂಥ ಹಿಮವನ್ನಿಡಲು ಮದರಾಸಿನ ಕಡಲತೀರದಲ್ಲಿ ಕಟ್ಟಿದ ‘ಐಸ್ ಹೌಸ್’ ಇಂದು ವಿವೇಕಾನಂದರ ಹೆಸರಿನ ಸ್ಮಾರಕವಾಗಿದೆ. 1920ರ ದಶಕದಲ್ಲಿ ಕ್ಲಾರೆನ್ಸ್ ಬರ್ಡ್ಸ್ ಐ ಎಂಬಾತನು ಆಹಾರವನ್ನು ಶೀಘ್ರವಾಗಿ ಹೆಪ್ಪುಗಟ್ಟಿಸುವ ವಿಧಾನವನ್ನು ರೂಪಿಸಿದನು. ಲ್ಯಾಬ್ರಡಾರ್ ಎಂಬ ಹಿಮಪ್ರದೇಶದಲ್ಲಿ, ಹಿಡಿದೊಡನೆ ಗಾಳಿಯ ಕೊರೆತಕ್ಕೇ ಗಡ್ಡೆಯಾದ ಮೀನು ತಿಂಗಳುಗಳ ಮೇಲೆಯೂ ಹೊಸದರಂತೆ ಇರುವುದನ್ನು ನೋಡಿ ಆತನು ಈ ಮರ್ಮವನ್ನು ಕಲಿತನು. ನಿಧಾನವಾಗಿ ಹೆಪ್ಪುಗಟ್ಟಿದರೆ ಹಿಮದ ಹರಳುಗಳು ದೊಡ್ಡವಾಗಿ ಬೆಳೆದು ಪದಾರ್ಥದ ಒಡಲನ್ನು ಸೀಳುತ್ತವೆ. ಬೇಗ ಹೆಪ್ಪುಗಟ್ಟಿದರೆ ಹರಳುಗಳು ಸಣ್ಣವಾಗಿದ್ದು ಪದಾರ್ಥವು ಉಳಿಯುತ್ತದೆ. ಇದೇ ಆ ಮರ್ಮ.

ನಮ್ಮ ನಾಡಿನಲ್ಲಿ 1950ರಲ್ಲಿ ಮೈಸೂರಿನ ಚೆಲುವಾಂಬಾ ಭವನದಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವೂ, 1961ರಲ್ಲಿ ಅದೇ ನಗರದಲ್ಲಿ ರಕ್ಷಣಾ ಆಹಾರ ಸಂಶೋಧನಾಲಯವೂ ಆರಂಭವಾದುವು. 1974ರಲ್ಲಿ ಕರ್ನಾಟಕ ಹೈನು ಅಭಿವೃದ್ಧಿ ನಿಗಮವು ಸ್ಥಾಪಿತವಾಗಿ, 1984ರಲ್ಲಿ ಹಾಲು ಮಹಾಮಂಡಲವಾಗಿ ಪರಿವರ್ತನೆ ಹೊಂದಿತು. ಹಳ್ಳಿಯ ಹಾಲು ಶೈತ್ಯದ ಆಶ್ರಯದಲ್ಲಿ ನಗರವನ್ನು ಸೇರಿತು. ಆ ಶೈತ್ಯವೇ ಈಗ ಪೆಟ್ಟಿಗೆಯ ರೂಪದಲ್ಲಿ ಹಳ್ಳಿಯ ಮನೆಯೊಳಕ್ಕೂ ಬಂದಿದೆ. ಪೆಟ್ಟಿಗೆ ಬಂದಿತು, ಅದರ ಶಾಸ್ತ್ರವು ಮಾತ್ರ ಇನ್ನೂ ಬಂದಿಲ್ಲ.

ಶೈತ್ಯದ ಶಕ್ತಿ ಮತ್ತು ಅಶಕ್ತಿ

ಮೊದಲು ತಿಳಿಯಬೇಕಾದುದು ಇದು: ಶೈತ್ಯವು ಕ್ರಿಮಿಗಳನ್ನು ಕೊಲ್ಲುವುದಿಲ್ಲ, ತಡೆದು ನಿಲ್ಲಿಸುತ್ತದೆ. ಕೆಡಲಾರಂಭಿಸಿದ ಅನ್ನವನ್ನು ಫ್ರೀಜರಿನಲ್ಲಿಟ್ಟರೆ ಅದು ಕೆಡಲಾರಂಭಿಸಿದ ಅನ್ನವಾಗಿಯೇ ಹೊರಬರುತ್ತದೆ. ಶೈತ್ಯವು ಕಾವಲುಗಾರನೇ ಹೊರತು ವೈದ್ಯನಲ್ಲ.

5ರಿಂದ 60 ಡಿಗ್ರಿ ಸೆಂಟಿಗ್ರೇಡಿನವರೆಗಿನ ಉಷ್ಣತೆಯಲ್ಲಿ ಕ್ರಿಮಿಗಳು ವೇಗವಾಗಿ ವೃದ್ಧಿಯಾಗುತ್ತವೆ. ಆದ್ದರಿಂದ ಬೇಯಿಸಿದ ಪದಾರ್ಥವು ಎರಡು ಗಂಟೆಗಳೊಳಗಾಗಿ, ಕಡುಬೇಸಗೆಯಲ್ಲಿ ಒಂದೇ ಗಂಟೆಯೊಳಗಾಗಿ, ಶೀತದ ಆಶ್ರಯವನ್ನು ಸೇರತಕ್ಕದ್ದು. ಅನ್ನದ ವಿಷಯದಲ್ಲಿ ಈ ನಿಯಮವು ಇನ್ನಷ್ಟು ಕಟ್ಟುನಿಟ್ಟು. ಬ್ಯಾಸಿಲಸ್ ಸೀರಿಯಸ್ ಎಂಬ ಕ್ರಿಮಿಯ ಬೀಜಕಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನವು ಬೆಚ್ಚಗೆ ಬಹುಕಾಲ ಉಳಿದರೆ ಅವು ಮೊಳೆತು ವಿಷವನ್ನು ಉತ್ಪಾದಿಸುತ್ತವೆ. ವಾಂತಿಯನ್ನುಂಟುಮಾಡುವ ಆ ವಿಷವು ಮತ್ತೆ ಕುದಿಸಿದರೂ ಹೋಗುವುದಿಲ್ಲ. ‘ಬಿಸಿ ಮಾಡಿದರೆ ಸರಿಹೋಗುತ್ತದೆ’ ಎಂಬ ನಂಬಿಕೆ ಇಲ್ಲಿ ಅಪಾಯಕಾರಿ.

ಫ್ರೀಜರು ಸೊನ್ನೆಗಿಂತ 18 ಡಿಗ್ರಿ ಕೆಳಗಿರಬೇಕು. ಒಂದೇ ಬಾಗಿಲಿನ ಫ್ರಿಜ್ಜಿನೊಳಗಿನ ಪುಟ್ಟ ಹಿಮದ ಗೂಡು ಸಾಮಾನ್ಯವಾಗಿ ಅಷ್ಟು ತಂಪಾಗುವುದಿಲ್ಲ. ಹಿಮದ ಗೂಡಿನ ಮೇಲೆ ಅಚ್ಚಾಗಿರುವ ನಕ್ಷತ್ರಗಳಿಗೆ ಅರ್ಥವಿದೆ: ಒಂದು ನಕ್ಷತ್ರಕ್ಕೆ ಸೊನ್ನೆಗಿಂತ 6 ಡಿಗ್ರಿ ಕೆಳಗೆ, ಎರಡಕ್ಕೆ 12, ಮೂರಕ್ಕೆ 18. ಹೆಪ್ಪುಗಟ್ಟಿದ ಪದಾರ್ಥವನ್ನು ಮೊದಲನೆಯದರಲ್ಲಿ ಸುಮಾರು ಒಂದು ವಾರ, ಎರಡನೆಯದರಲ್ಲಿ ಒಂದು ತಿಂಗಳು, ಮೂರನೆಯದರಲ್ಲಿ ಮೂರು ತಿಂಗಳು ಇಡಬಹುದು. ಬಾಗಿಲಿನ ಹೊರಗೆ ಅಂಟಿಸಿರುವ ವಿದ್ಯುತ್ ಉಳಿತಾಯದ ನಕ್ಷತ್ರಗಳು ಬೇರೆ. ಅವುಗಳಿಗೂ ಇವುಗಳಿಗೂ ಸಂಬಂಧವಿಲ್ಲ. ಹಲವರು ಇವೆರಡನ್ನು ಒಂದೆಂದು ಭ್ರಮಿಸುತ್ತಾರೆ.

ಒಂದು ಹಬ್ಬದ ಅಡಿಗೆ

ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯಂಥ ಊರಿನ ಒಂದು ಒಕ್ಕಲುಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮದ ಕಡೆಯ ಈ ಸೀಮೆಯಲ್ಲಿ ರಾಗಿ, ಹಿಪ್ಪುನೇರಳೆ, ರೇಷ್ಮೆಹುಳು, ಹಸು ಇವೇ ಬಾಳಿನ ಆಧಾರ. ಮಗನೂ ಸೊಸೆಯೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಹಬ್ಬಕ್ಕೆ ಬಂದು ಸಂಜೆಗೆ ಹಿಂದಿರುಗುತ್ತಾರೆ. ತಾಯಿಯು ಹೋಳಿಗೆ, ಒಬ್ಬಟ್ಟಿನ ಸಾರು, ಹುಳಿ, ಪಾಯಸಗಳನ್ನು ಬಿಸಿಬಿಸಿಯಾಗಿಯೇ ಡಬ್ಬಿಗೆ ತುಂಬಿ ಬಾಯಿ ಬಿಗಿದು ಕೊಡುತ್ತಾಳೆ. ಬುತ್ತಿಯು ಎರಡು ಮೂರು ಗಂಟೆ ಪ್ರಯಾಣ ಮಾಡಿ, ಇನ್ನೂ ಬೆಚ್ಚಗಿರುವಾಗಲೇ ನಗರದ ಫ್ರೀಜರನ್ನು ಸೇರುತ್ತದೆ. ವಾರದ ಬಳಿಕ ಸಾರು ಹುಳಿ ವಾಸನೆ ಬಂದರೆ ಎಲ್ಲರೂ ಪೆಟ್ಟಿಗೆಯನ್ನು ದೂರುತ್ತಾರೆ. ತಪ್ಪು ಪೆಟ್ಟಿಗೆಯದಲ್ಲ, ದಾರಿಯದು.

ಸರಿಯಾದ ಕ್ರಮವು ಹೀಗಿದೆ. ಕಳುಹಿಸಬೇಕಾದ ಪಾಲನ್ನು ಬಡಿಸುವುದಕ್ಕೆ ಮೊದಲೇ ಸೌಟು ಮುಟ್ಟದಂತೆ ತೆಗೆದಿಡಬೇಕು. ಅಗಲವಾದ, ಆಳವಿಲ್ಲದ ಪಾತ್ರೆಯಲ್ಲಿ ಹರಡಿ, ಆ ಪಾತ್ರೆಯನ್ನು ತಣ್ಣೀರಿನ ಪರಾತದಲ್ಲಿಟ್ಟು ಕೈಯಾಡಿಸಿದರೆ ಬೇಗ ಆರುತ್ತದೆ. ಒಂದು ಊಟಕ್ಕೆ ಸಾಕಾಗುವಷ್ಟನ್ನು ಒಂದೊಂದು ಡಬ್ಬಿಗೆ ತುಂಬಬೇಕು. ನೀರು ಹಿಮವಾಗುವಾಗ ನೂರರಲ್ಲಿ ಸುಮಾರು ಒಂಬತ್ತು ಪಾಲು ಹಿಗ್ಗುವುದರಿಂದ, ದ್ರವಪದಾರ್ಥದ ಡಬ್ಬಿಯಲ್ಲಿ ಮೇಲೆ ಬೆರಳಗಲ ಜಾಗವನ್ನು ಬಿಡಬೇಕು. ಇಲ್ಲವಾದರೆ ಗಾಜಿನ ಸೀಸೆ ಒಡೆಯುತ್ತದೆ. ಪದಾರ್ಥದ ಹೆಸರನ್ನೂ ದಿನಾಂಕವನ್ನೂ ಚೀಟಿಯಲ್ಲಿ ಬರೆದು ಅಂಟಿಸಬೇಕು. ಹಳ್ಳಿಯ ಮನೆಯಲ್ಲಿ ತಕ್ಕ ಫ್ರೀಜರಿದ್ದರೆ ಗಡ್ಡೆಯಾಗುವವರೆಗೆ ಅಲ್ಲಿಟ್ಟು, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಒತ್ತಾಗಿ ಜೋಡಿಸಿ ಕಳುಹಿಸಿದರೆ, ಬುತ್ತಿಯು ನಗರವನ್ನು ಗಡ್ಡೆಯಾಗಿಯೇ ಸೇರುತ್ತದೆ. ಅದಕ್ಕಾಗಿ ಹೋಳಿಗೆಯನ್ನು ಹಬ್ಬದ ಹಿಂದಿನ ದಿನವೇ ಮಾಡಬೇಕಾದೀತು. ತಾಯಂದಿರು ಅದನ್ನು ಶ್ರಮವೆಂದು ಎಣಿಸುವುದಿಲ್ಲ.

ಪದಾರ್ಥಗಳಲ್ಲಿ ತರತಮಭಾವವುಂಟು. ಹೋಳಿಗೆಯು ಹಿಮಕ್ಕೆ ಚೆನ್ನಾಗಿ ಒಗ್ಗುತ್ತದೆ. ಒಂದರ ಮೇಲೊಂದು ಅಂಟದಂತೆ ನಡುವೆ ಬೆಣ್ಣೆಕಾಗದವನ್ನು ಹಾಕಿದರಾಯಿತು. ಹೂರಣವನ್ನು ಬೇರೆಯಾಗಿಯೂ ಇಡಬಹುದು. ಇಡ್ಲಿ, ಬೇಯಿಸಿದ ಕಾಳು, ಬೇಳೆಯ ಹುಳಿ, ತಿಳಿಸಾರು, ತುರಿದ ತೆಂಗಿನಕಾಯಿ ಇವೂ ಚೆನ್ನಾಗಿ ಉಳಿಯುತ್ತವೆ. ಅವರೆಕಾಯಿಯ ಕಾಲದಲ್ಲಿ ಹಿತುಕಿದ ಬೇಳೆಯನ್ನು ಹೀಗೆ ಕಾಪಿಟ್ಟು ಬೇಸಗೆಯಲ್ಲಿ ಸಾರು ಮಾಡುವವರು ಈಗ ಅನೇಕರಿದ್ದಾರೆ. ಅನ್ನವು ಫ್ರಿಜ್ಜಿನ ಸಾಧಾರಣ ತಂಪಿನಲ್ಲಿ ಬೇಗ ಗಡಸಾಗುತ್ತದೆ; ಹಿಮದಲ್ಲಿಟ್ಟು ಹಬೆಯಲ್ಲಿ ಬಿಸಿ ಮಾಡಿದರೆ ಮೃದುವಾಗಿಯೇ ಬರುತ್ತದೆ. ಆಲೂಗಡ್ಡೆಯ ಹೋಳು ಹಿಮದಲ್ಲಿ ಸ್ಪಂಜಿನಂತಾಗುತ್ತದೆ. ಆದ್ದರಿಂದ ಹಿಮಕ್ಕಿಡುವ ಹುಳಿಗೆ ಅದನ್ನು ಹಾಕಬಾರದು. ಸೌತೆಕಾಯಿಯ ಕೋಸಂಬರಿಯು ನೀರಾಗುತ್ತದೆ. ಮುದ್ದೆಯನ್ನು ಹಿಮಕ್ಕಿಡುವ ಯೋಚನೆಯೇ ಬೇಡ; ಅದು ಒಲೆಯಿಂದ ತಟ್ಟೆಗೆ ಬರಬೇಕಾದುದು.

ಹಿಮದಿಂದ ತೆಗೆದುದನ್ನು ಹೊರಗಿಟ್ಟು ಕರಗಿಸಬಾರದು. ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಅಂಕಣಕ್ಕೆ ಇಳಿಸಿ, ಮರುದಿನ ಒಳಗಿನ ತನಕ ಹೊಗೆಯಾಡುವಂತೆ ಕುದಿಸಿ ಉಣ್ಣಬೇಕು. ಕರಗಿಸಿ ಬಿಸಿ ಮಾಡಿ ಉಳಿದುದನ್ನು ಮತ್ತೆ ಹಿಮಕ್ಕಿಡಬಾರದು. ಸಾರು ಹುಳಿಗಳನ್ನು ಎರಡು ಮೂರು ತಿಂಗಳೊಳಗೆ ಬಳಸಬೇಕು. ಆಮೇಲೆ ಅವು ವಿಷವಾಗುವುದಿಲ್ಲ, ಆದರೆ ರುಚಿ ಮತ್ತು ಪರಿಮಳಗಳನ್ನು ಕಳೆದುಕೊಳ್ಳುತ್ತವೆ.

ಹಾಲು ಮೊಸರುಗಳ ಸ್ವಭಾವ

ಹಾಲು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಅದರಲ್ಲಿ ಕರಗಿರುವ ಸಕ್ಕರೆ ಲವಣಗಳ ಕಾರಣದಿಂದ ಸುಮಾರು ಅರ್ಧ ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ನೀರು ಬೆರಸಿದಷ್ಟೂ ಆ ಬಿಂದುವು ಸೊನ್ನೆಯತ್ತ ಸರಿಯುತ್ತದೆ. ಹಾಲಿಗೆ ನೀರು ಸೇರಿದೆಯೇ ಎಂಬುದನ್ನು ಹೈನು ಪ್ರಯೋಗಾಲಯಗಳಲ್ಲಿ ಕಂಡುಹಿಡಿಯುವ ಒಂದು ಉಪಾಯ ಇದೇ. ಮನೆಯಲ್ಲಿ ಹಾಲನ್ನು ಹಿಮಕ್ಕಿಡಬಹುದು. ಕರಗಿಸಿದಾಗ ಕೊಬ್ಬು ಬೇರೆಯಾಗಿ ತರಿತರಿಯಾಗಿ ಕಂಡರೆ ಅದು ಕೆಟ್ಟುದರ ಲಕ್ಷಣವಲ್ಲ, ಚೆನ್ನಾಗಿ ಕಲಕಿ ಕಾಸಿದರೆ ಸಾಕು.

ಮೊಸರಿನ ವಿಷಯ ಬೇರೆ. ಮೊಸರಿನೊಳಗೆ ಹಾಲಿನ ಸಸಾರಜನಕವು ಜಾಲದಂತೆ ಹೆಣೆದುಕೊಂಡು ನೀರನ್ನು ಹಿಡಿದಿಟ್ಟಿರುತ್ತದೆ. ಹಿಮದ ಹರಳುಗಳು ಆ ಜಾಲವನ್ನು ಹರಿಯುತ್ತವೆ. ಕರಗಿದಾಗ ನೀರೊಂದು ಕಡೆ, ಗರಣೆಯೊಂದು ಕಡೆ. ಎರಡು ಬಗೆಯ ಹೆಪ್ಪು ಒಂದೇ ಗಡಿಗೆಯಲ್ಲಿ ಹೊಂದಿಕೊಳ್ಳುವುದಿಲ್ಲವೆಂದು ಹೇಳಬಹುದು. ಆದುದರಿಂದ ಮೊಸರನ್ನ, ಮಜ್ಜಿಗೆಹುಳಿ, ಮೊಸರುಬಜ್ಜಿಗಳನ್ನು ಹಿಮಕ್ಕಿಡಬಾರದು. ಆದರೂ ಮೊಸರಿನ ಜೀವಾಣುಗಳಲ್ಲಿ ಒಂದು ಭಾಗವು ಹಿಮದಲ್ಲಿ ಸಾಯದೆ ಮಲಗಿರುತ್ತದೆ. ಬಹುದಿನ ಪರಸ್ಥಳಕ್ಕೆ ಹೋಗುವವರು ಒಳ್ಳೆಯ ಮೊಸರನ್ನು ಹಿಮದ ಅಚ್ಚಿನ ಗುಳಿಗಳಲ್ಲಿ ಒಂದೊಂದು ಚಮಚ ಹಾಕಿ ಗಡ್ಡೆಗಟ್ಟಿಸಿಟ್ಟರೆ, ಹಿಂದಿರುಗಿದಾಗ ನೆರೆಮನೆಗೆ ಬಟ್ಟಲು ಹಿಡಿದು ಹೋಗದೆ ಹೆಪ್ಪು ಹಾಕಬಹುದು. ಮೊದಲ ಸಲ ಹೆಪ್ಪುಗಟ್ಟುವುದು ತಡವಾದರೂ ಎರಡನೆಯ ಸಲಕ್ಕೆ ಸರಿಯಾಗುತ್ತದೆ.

ಬೆಣ್ಣೆಯಲ್ಲಿ ನೀರು ಕಡಿಮೆ, ಕೊಬ್ಬು ಹೆಚ್ಚು. ಆದ್ದರಿಂದ ಹಿಮದಲ್ಲಿ ಆರು ತಿಂಗಳಿಗೂ ಮೀರಿ ಇರುತ್ತದೆ. ದಿನದಿನದ ಕೆನೆಯನ್ನು ಹಿಮದಲ್ಲಿ ಕೂಡಿಸಿ, ಸಾಕಷ್ಟಾದ ಮೇಲೆ ಕರಗಿಸಿ, ಹೆಪ್ಪು ಹಾಕಿ, ಕಡೆದು ಬೆಣ್ಣೆ ತೆಗೆಯುವುದು ಅನುಕೂಲಕರ. ತುಪ್ಪಕ್ಕೆ ಹಿಮವೇ ಬೇಡ. ನೀರನ್ನು ಕಾಸಿ ಕಳೆದುದೇ ಅದರ ರಕ್ಷಣೆ. ಖೋವಾ ಚೆನ್ನಾಗಿ ಉಳಿಯುತ್ತದೆ. ಪನೀರು ಉಳಿಯುತ್ತದಾದರೂ ಪುಡಿಪುಡಿಯಾಗುತ್ತದೆ. ಬಿಸಿನೀರಿನಲ್ಲಿ ಅದ್ದಿದರೆ ಸ್ವಲ್ಪ ಮೆತ್ತಗಾಗುತ್ತದೆ. ಬೆಲ್ಲದ ಪಾಯಸಕ್ಕೆ ಹಾಲು ಬೆರಸಿ ಹಿಮಕ್ಕಿಟ್ಟರೆ ಬಿಸಿ ಮಾಡುವಾಗ ಒಡೆಯುವ ಭಯವುಂಟು; ಬೇಳೆ ಬೆಲ್ಲಗಳ ಭಾಗವನ್ನು ಮಾತ್ರ ಹಿಮಕ್ಕಿಟ್ಟು, ಬಡಿಸುವಾಗ ಹಾಲನ್ನು ಸೇರಿಸುವುದು ಲೇಸು.

ಗಿಣ್ಣು: ಮೊದಲ ಪಾಲು ಯಾರದು?

ಹಸು ಈದ ಮನೆಯಲ್ಲಿ ಗಿಣ್ಣು ಮಾಡಿ ನೆರೆಹೊರೆಗೆ ಹಂಚುವುದು ನಮ್ಮ ಹಳ್ಳಿಗಳ ಸತ್ಸಂಪ್ರದಾಯ. ಗಿಣ್ಣದ ಹಾಲನ್ನು ಡೇರಿಗೆ ಹಾಕುವಂತಿಲ್ಲ. ಕಾಸಿದರೆ ಗಟ್ಟಿಯಾಗುವುದರಿಂದ ಅದು ಇತರ ಹಾಲಿನೊಡನೆ ಸೇರಲಾರದು. ಹಾಗಾಗಿ ಅದು ಮನೆಗೂ ನೆರೆಗೂ ಸೇರಿದ ಸೊತ್ತಾಗಿದೆ. ಹೆಚ್ಚಾದುದನ್ನು ಚಪ್ಪಟೆ ಚೀಲಗಳಲ್ಲಿ ಹಿಮಕ್ಕಿಟ್ಟು, ಬೇಕಾದಾಗ ಕರಗಿಸಿ, ಬೆಲ್ಲ ಏಲಕ್ಕಿ ಬೆರಸಿ ಹಬೆಯಲ್ಲಿ ಬೇಯಿಸಿದರೆ ಗಿಣ್ಣು ಚೆನ್ನಾಗಿಯೇ ಕಟ್ಟುತ್ತದೆ. ದೂರದಲ್ಲಿರುವ ಮಗಳಿಗೋ ಮಗನಿಗೋ ಗಿಣ್ಣಿನ ರುಚಿ ತಪ್ಪದಂತೆ ಇದು ನೋಡಿಕೊಳ್ಳುತ್ತದೆ.

ಆದರೆ ಇಲ್ಲಿ ಒಂದು ಧರ್ಮಸೂಕ್ಷ್ಮವಿದೆ. ಕರುವು ತಾಯ ಗರ್ಭದಿಂದ ರೋಗನಿರೋಧಕ ಶಕ್ತಿಯನ್ನು ಹೊತ್ತು ಬರುವುದಿಲ್ಲ. ಮೊದಲ ಗಿಣ್ಣದ ಹಾಲಿನಿಂದಲೇ ಅದನ್ನು ಪಡೆಯಬೇಕು. ಹುಟ್ಟಿದ ಕೆಲವೇ ಗಂಟೆಗಳವರೆಗೆ ಅದರ ಕರುಳು ಆ ಶಕ್ತಿಯನ್ನು ಪೂರ್ಣವಾಗಿ ಹೀರಬಲ್ಲುದು; ಒಂದು ದಿನ ಕಳೆದರೆ ಆ ಬಾಗಿಲು ಮುಚ್ಚಿಹೋಗುತ್ತದೆ. ತನ್ನ ತೂಕದ ಹತ್ತನೆಯ ಒಂದು ಪಾಲು, ಎಂದರೆ 30 ಕಿಲೋ ತೂಗುವ ಮಿಶ್ರತಳಿಯ ಕರುವಿಗೆ ಸುಮಾರು 3 ಲೀಟರು, ಮೊದಲ ದಿನವೇ ಸಲ್ಲಬೇಕು; ಅದರ ಹೆಚ್ಚಿನ ಭಾಗವು ಮೊದಲ ಆರು ಗಂಟೆಗಳೊಳಗೆ ಹೊಟ್ಟೆ ಸೇರಬೇಕು. ಈ ಪಾಲನ್ನು ಮನುಷ್ಯರ ಬಾಯಿಗೋ ಪೆಟ್ಟಿಗೆಗೋ ಸೇರಿಸಿದರೆ, ಆ ಕರು ಭೇದಿಗೋ ಜ್ವರಕ್ಕೋ ಸುಲಭವಾಗಿ ತುತ್ತಾಗುತ್ತದೆ.

ಶೈತ್ಯವು ನಿಜವಾಗಿ ಜೀವವನ್ನುಳಿಸುವುದೂ ಇಲ್ಲಿಯೇ. ಕರು ಕುಡಿದು ಮಿಕ್ಕ ಮೊದಲ ಕರಾವಿನ ಗಿಣ್ಣದ ಹಾಲನ್ನು ಶುಚಿಯಾದ ಚೀಲಗಳಲ್ಲಿ ಒಂದೊಂದು ಲೀಟರಿನಂತೆ ತುಂಬಿ, ಸೊನ್ನೆಗಿಂತ 18–20 ಡಿಗ್ರಿ ಕೆಳಗೆ ಇಟ್ಟರೆ, ಒಂದು ವರ್ಷದವರೆಗೂ ಅದರ ಗುಣ ಉಳಿಯುತ್ತದೆ. ಈದ ಹಸು ಸತ್ತರೆ, ಕೆಚ್ಚಲು ಬಾವಿನಿಂದ ಹಾಲು ಕೆಟ್ಟರೆ, ಆ ತಬ್ಬಲಿ ಕರುವಿಗೆ ಇದೇ ತಾಯಿ. ಕರಗಿಸುವಾಗ ಒಂದು ಎಚ್ಚರವಿರಲಿ: ಒಲೆಯ ಮೇಲೆ ಕಾಸಬಾರದು. ಸುಮಾರು 50 ಡಿಗ್ರಿಯ, ಕೈ ಸುಡುವ ಮಟ್ಟಕ್ಕೇರದ ಬಿಸಿನೀರಿನಲ್ಲಿ ಚೀಲವನ್ನು ಮುಳುಗಿಸಿ ಕರಗಿಸಿ, ಮೈಬೆಚ್ಚಗಾದಾಗ ಕುಡಿಸಬೇಕು. 60 ಡಿಗ್ರಿ ಮೀರಿದರೆ ರಕ್ಷಕ ದ್ರವ್ಯಗಳು ನಾಶವಾಗಿ ಬರಿಯ ಹಾಲು ಉಳಿಯುತ್ತದೆ. ಗಿಣ್ಣದ ಹಾಲು ಕಾವಿಗೆ ಗಟ್ಟಿಯಾಗುವ ಗುಣವನ್ನು ಮನೆಯಾಕೆಯು ಗಿಣ್ಣು ಬೇಯಿಸುವಾಗಲೆಲ್ಲ ನೋಡಿರುತ್ತಾಳೆ. ಕರುವಿಗೆ ಬೇಕಾದ ದ್ರವ್ಯವು ಬೇಯುವುದೂ ಅದೇ ಗುಣದಿಂದ.

ವಿದ್ಯುತ್ತು ಹೋದಾಗ

ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ತು ಹುಟ್ಟಿದರೂ, ಮಳೆಗಾಳಿಗೆ ತಂತಿ ಹರಿಯುವುದು ಹಳ್ಳಿಗಳಲ್ಲಿ ಇನ್ನೂ ಉಂಟು. ತುಂಬಿದ ದೊಡ್ಡ ಫ್ರೀಜರು, ಬಾಗಿಲು ತೆರೆಯದಿದ್ದರೆ, ಸುಮಾರು 48 ಗಂಟೆ ಶೈತ್ಯವನ್ನು ಹಿಡಿದಿಡುತ್ತದೆ. ಅರ್ಧ ತುಂಬಿದುದು 24 ಗಂಟೆ. ಫ್ರಿಜ್ಜಿನೊಳಗಿನ ಪುಟ್ಟ ಗೂಡಿಗೆ ಅಷ್ಟು ಕಾಲವಿಲ್ಲ. ಫ್ರಿಜ್ಜಿನ ಕೆಳಗಿನ ಅಂಕಣಕ್ಕೆ ನಾಲ್ಕೇ ಗಂಟೆ. ಖಾಲಿ ಜಾಗದಲ್ಲಿ ನೀರಿನ ಬಾಟಲಿಗಳನ್ನು ಗಡ್ಡೆಗಟ್ಟಿಸಿಟ್ಟರೆ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ.

ಊರಿಗೆ ಹೋಗಿ ಬಂದವರಿಗೆ ನಡುವೆ ವಿದ್ಯುತ್ತು ಹೋಗಿತ್ತೇ ಎಂದು ತಿಳಿಯುವ ಸುಲಭೋಪಾಯವೊಂದಿದೆ. ಒಂದು ಲೋಟ ನೀರನ್ನು ಗಡ್ಡೆಗಟ್ಟಿಸಿ, ಅದರ ಮೇಲೆ ಒಂದು ನಾಣ್ಯವನ್ನಿಟ್ಟು ಹೋಗಬೇಕು. ಹಿಂದಿರುಗಿದಾಗ ನಾಣ್ಯವು ಮೇಲೆಯೇ ಇದ್ದರೆ ಎಲ್ಲವೂ ಸುರಕ್ಷಿತ. ತಳಕ್ಕೆ ಇಳಿದು ಮತ್ತೆ ಹಿಮದಲ್ಲಿ ಸಿಕ್ಕಿಕೊಂಡಿದ್ದರೆ, ಒಳಗಿನ ಅನ್ನವೆಲ್ಲ ಕರಗಿ ಮರಳಿ ಹೆಪ್ಪುಗಟ್ಟಿದೆಯೆಂದು ಅರ್ಥ. ಅದನ್ನು ಉಣ್ಣಬಾರದು. ಒಂದು ರೂಪಾಯಿಯ ಸಾಕ್ಷಿಯು ಒಂದು ಮನೆಯನ್ನು ಆಸ್ಪತ್ರೆಯಿಂದ ಉಳಿಸಬಲ್ಲುದು. ಶಾಲೆಯ ಮಕ್ಕಳಿಗೆ ಈ ಪ್ರಯೋಗವನ್ನು ಮಾಡಿ ತೋರಿಸಿದರೆ ಅವರು ಅದನ್ನು ಮನೆಗೆ ಒಯ್ಯುತ್ತಾರೆ. ಪಾಠವು ಅಡಿಗೆಮನೆಯನ್ನು ಸೇರಲು ಇದಕ್ಕಿಂತ ನೇರವಾದ ದಾರಿಯಿಲ್ಲ.

ಉಪಸಂಹಾರ

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳವರ ಮಠದಲ್ಲಿ ದಿನವೂ ಸಾವಿರಾರು ಮಕ್ಕಳಿಗೆ ಅನ್ನವಾಗುತ್ತದೆ. ಅಂಥ ದೊಡ್ಡ ಪಂಕ್ತಿಯಲ್ಲಿ ಅನ್ನವು ಉಳಿಯದಂತೆ ನೋಡಿಕೊಳ್ಳುವ ಮೊದಲ ಉಪಾಯ ಹಂಚುವುದು. ಮನೆಗೂ ಇದೇ ನ್ಯಾಯ ಅನ್ವಯಿಸುತ್ತದೆ. ಹಬ್ಬದ ದಿನ ಹೆಚ್ಚಾದ ಹೋಳಿಗೆಯು ಮೊದಲು ನೆರೆಮನೆಗೆ, ಕೂಲಿಯವರ ಮನೆಗೆ ಹೋಗಬೇಕು. ಹಂಚಿ ಮಿಕ್ಕುದಕ್ಕೆ ಮಾತ್ರ ಪೆಟ್ಟಿಗೆ. ಪೆಟ್ಟಿಗೆ ಬಂದ ಮೇಲೆ ನೆರೆಮನೆಯ ಬಾಗಿಲು ಮುಚ್ಚಿದರೆ, ಅನ್ನ ಉಳಿದರೂ ಬಾಂಧವ್ಯ ಹಳಸಿತೆಂದೇ ಲೆಕ್ಕ. ಕರುವಿನ ಪಾಲು ಕರುವಿಗೆ, ನೆರೆಯ ಪಾಲು ನೆರೆಗೆ, ಆಮೇಲೆ ಉಳಿದುದು ಹಿಮಕ್ಕೆ. ಈ ಕ್ರಮವನ್ನು ಅನುಸರಿಸಿ, ಮೇಲೆ ಹೇಳಿದ ಕಾಲ ಉಷ್ಣತೆಗಳ ನಿಯಮವನ್ನು ಮೀರದೆ ನಡೆದರೆ, ‘ತಂಗಳು’ ಎಂಬ ಶಬ್ದವು ತನ್ನ ಮೊದಲಿನ ನಿರ್ಮಲವಾದ ಅರ್ಥಕ್ಕೆ, ತಣಿದ ಅನ್ನವೆಂಬ ಅರ್ಥಕ್ಕೆ, ಮರಳಿ ಸಲ್ಲುತ್ತದೆ.